ಉಣಗೋಲಿನ ಬೋರ್ಡು, ಮನೆಯವರ ಹೊಣೆ

ತೀರ್ಥಹಳ್ಳಿ ಕಡೆಯ ಒಂಟಿ ಮನೆಗಳಿಗೆ ಬರುವವರು ಉಣಗೋಲಿನ (ಅಡ್ಡಗಳುಗಳನ್ನು ಸರಿಸಿ ದಾಟುವ ಗೇಟಿನ) ಬಳಿಯೇ ನಿಂತು "ನಾಯಿ ಕಟ್ಟಿದೀರಾ?" ಎಂದು ಕೂಗುತ್ತಾರೆ, ಜಗುಲಿಯಿಂದ "ಬನ್ನಿ ಬನ್ನಿ, ಅದೇನೂ ಮಾಡಲ್ಲ" ಎಂಬ ಉತ್ತರ ಬರುತ್ತದೆ. ಹೋದ ಮಳೆಗಾಲದಲ್ಲಿ ನಾನು ರಜೆಗೆ ಊರಿಗೆ ಬಂದಿದ್ದಾಗ, ಈ ಮಾತನ್ನು ನಂಬಿ ನಮ್ಮ ಅಂಗಳಕ್ಕಿಳಿದ ಆಶಾ ಕಾರ್ಯಕರ್ತೆಯೊಬ್ಬರ ಮೀನಖಂಡಕ್ಕೆ ನಮ್ಮ ನಾಯಿ ಬಾಯಿ ಹಾಕಿತು. ಸೋಪು ಹಚ್ಚಿ 15 ನಿಮಿಷ ಗಾಯ ತೊಳೆದು ಆಸ್ಪತ್ರೆಗೆ ಕರೆದೊಯ್ದೆವು. ಸಂಜೆ ಅಪ್ಪಯ್ಯ, "ನಾಯಿ ಇದೆ ಎಚ್ಚರಿಕೆ ಅಂತ ಬೋರ್ಡು ಹಾಕಿದೀವಲ್ಲ" ಎಂದರು. ಆ ಮಾತಿಗೆ ನಾನು ಒಪ್ಪಲಾರೆ.

ನಾನು ನೆಲೆಸಿರುವ ಇಂಗ್ಲೆಂಡಿನಲ್ಲಿ, ಸ್ಥಳವನ್ನು ತಮ್ಮ ವಶದಲ್ಲಿಟ್ಟುಕೊಂಡವರ ಹೊಣೆಯನ್ನು ಕುರಿತ 1957ರ ಕಾಯ್ದೆಯ ಪ್ರಕಾರ, ಎಚ್ಚರಿಕೆ ಕೊಟ್ಟ ಮಾತ್ರಕ್ಕೆ ಹೊಣೆ ಕಳೆಯುವುದಿಲ್ಲ. ಬಂದವರು ಸುರಕ್ಷಿತವಾಗಿರಲು ಆ ಎಚ್ಚರಿಕೆ ಸಾಲುವಂತಿರಬೇಕು. ಕೆಲಸದ ಮೇಲೆ ಬಾಗಿಲವರೆಗೆ ಬರಲೇಬೇಕಾದವರಿಗೆ ಬೋರ್ಡು ಓದಿಯೂ ಬೇರೆ ದಾರಿ ಎಲ್ಲಿದೆ? 2014ರಿಂದ ಅಲ್ಲಿ ಸ್ವಂತ ಮನೆಯ ಆವರಣದಲ್ಲಿಯೂ ನಾಯಿ ಹತೋಟಿ ತಪ್ಪಿ ಅಪಾಯ ಒಡ್ಡಿದರೆ ಅದು ಅಪರಾಧ. ಅಕ್ರಮವಾಗಿ ಮನೆಗೆ ನುಗ್ಗಿದವರ ವಿಷಯದಲ್ಲಿ ಮಾತ್ರ ವಿನಾಯಿತಿಯಿದೆ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಸಾಕುವವರ ನಿರ್ಲಕ್ಷ್ಯದಿಂದ ಪ್ರಾಣಿಯು ಮನುಷ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಉಂಟುಮಾಡುವ ಸಂಭವವಿದ್ದರೆ, ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ 6 ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆದರೆ ದೂರು ಕೊಡುವವರು ಯಾರು? ಕಚ್ಚಿಸಿಕೊಂಡವರು ನಾಳೆಯೂ ಅದೇ ಮನೆಗೆ ಬರಬೇಕು. ಓಡಾಟದ ಖರ್ಚು ಕೊಡಲು ಹೋದಾಗ ಆ ತಾಯಿ, ತಪ್ಪು ತಮ್ಮದೆಂಬಂತೆ, "ನಾನೇ ನೋಡಿ ಬರಬೇಕಿತ್ತು" ಎಂದು ಸಂಕೋಚಪಟ್ಟದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ಮಂಗ, ಕಾಡುಹಂದಿಗಳ ಕಾಟವಿರುವ ಅಡಿಕೆ ತೋಟಕ್ಕೆ ನಾಯಿ ಬೇಕೇ ಬೇಕು. ಇಂಗ್ಲೆಂಡಿನ ಪೇಟೆಯ ಪದ್ಧತಿಯನ್ನು ಇಲ್ಲಿ ಹಾಗೆಯೇ ಹೇರಲಾಗದು. ಆದರೆ ಮೀಟರ್ ಓದುವವರು, ಅಂಚೆಯವರು, ಆಶಾ ಕಾರ್ಯಕರ್ತೆಯರು ಬರುವುದು ಹಗಲಿನಲ್ಲಿ, ಆ ಹೊತ್ತಿಗೆ ನಾಯಿಯನ್ನು ಕಟ್ಟಿಡುವುದು ಕಷ್ಟವಲ್ಲ. ನಾವೀಗ ಉಣಗೋಲಿಗೆ ಗಂಟೆ ಕಟ್ಟಿದ್ದೇವೆ, ಅಂಚೆ ಪೆಟ್ಟಿಗೆಯನ್ನು ರಸ್ತೆಯಂಚಿಗೆ ಒಯ್ದಿದ್ದೇವೆ. ಗಂಟೆ ಕೇಳಿದರೆ ಮನೆಯವರೊಬ್ಬರು ಹೋಗಿ, ಬಂದವರನ್ನು ಜಗುಲಿಯವರೆಗೆ ಕರೆದುಕೊಂಡು ಬರುತ್ತಾರೆ.