ಎಡಮುರಿಯೋ ಬಲಮುರಿಯೋ

ಶಿರಸಿ ಸೀಮೆಯ ನಮ್ಮ ಸೊಪ್ಪಿನಬೆಟ್ಟದಲ್ಲಿ, ಆಷಾಢದ ಮಳೆಗೆ ನೆನೆದ ದರಕನ್ನು (ಉದುರಿದ ತರಗೆಲೆಗಳನ್ನು) ಕೆದಕುತ್ತಿದ್ದಾಗ, ಹುಣಸೆಬೀಜದಷ್ಟು ಪುಟ್ಟದಾದ ಬಸವನಹುಳುವೊಂದು ಕೈಗೆ ಸಿಕ್ಕಿತು. ಅದರ ಹೆಸರನ್ನು ಪತ್ತೆಮಾಡಿಯೇ ತೀರುವೆನೆಂದು ಸ್ಟೀಲ್ ಡಬ್ಬಿಯೊಂದರಲ್ಲಿ ಹಾಕಿ ಮನೆಗೆ ತಂದೆ. ಅದು ಆಯಿ ಅವಲಕ್ಕಿಗೆಂದು ಇಟ್ಟುಕೊಂಡ ಡಬ್ಬಿಯೆಂಬುದು ಸಂಜೆಯವರೆಗೂ ನನ್ನ ಗಮನಕ್ಕೆ ಬರಲಿಲ್ಲ.

ಬಸವನಹುಳುವನ್ನು ಗುರುತಿಸಹೊರಟವರು ಮೊದಲು ನೋಡಬೇಕಾದದ್ದು ಚಿಪ್ಪಿನ ಸುತ್ತನ್ನು. ತುದಿ ಮೇಲಾಗಿ, ಬಾಯಿ ನಮ್ಮತ್ತ ಇರುವಂತೆ ಹಿಡಿದಾಗ ಬಾಯಿ ಬಲಗಡೆ ಬಂದರೆ ಬಲಸುತ್ತು, ಎಡಗಡೆ ಬಂದರೆ ಎಡಸುತ್ತು, ಹೆಚ್ಚಿನವು ಬಲಸುತ್ತಿನವೇ. ನನ್ನ ಮೊಬೈಲು ಹೋದ ವರ್ಷ ಹಳ್ಳಕ್ಕೆ ಬಿದ್ದು ಅದರ ಹಿಂಬದಿಯ ಕ್ಯಾಮೆರಾ ಮಂಜುಗಣ್ಣಾಗಿದ್ದರಿಂದ, ಮುಂಬದಿಯದರಲ್ಲೇ ಚಿತ್ರ ತೆಗೆದು, ವಿಷಯ ಬಲ್ಲ ಗೆಳೆಯನಿಗೆ ಕಳುಹಿಸಿದೆ. “ಬಾಯಿ ಬಲಕ್ಕಿದೆ; ಆಫ್ರಿಕಾದ ದೈತ್ಯ ಬಸವನಹುಳುವಿನ ಮರಿಯಿದ್ದೀತು, ಜೋಪಾನ” ಎಂದು ಉತ್ತರ ಬಂತು. 1847ರಲ್ಲಿ ಬೆನ್ಸನ್ ಎಂಬಾತ ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದ ಆ ಹುಳು ಈಗ ಕೊಡಗಿನ ಕಾಫಿ ತೋಟಗಳನ್ನೂ ಬಿಟ್ಟಿಲ್ಲವೆಂದು ನಾನು ವಿವರಿಸಿ ಮುಗಿಸುವಷ್ಟರಲ್ಲಿ, ಅಪ್ಪ ಉಪ್ಪಿನ ಮರಿಗೆಯೊಂದಿಗೆ ಜಗುಲಿಗೆ ಬಂದಾಗಿತ್ತು.

ಉಪ್ಪು ಬೀಳುವ ಮುನ್ನ ಒಮ್ಮೆ ನೋಡೋಣವೆಂದು ಹುಳುವನ್ನೆತ್ತಿ ಹಿಡಿದರೆ ಬಾಯಿ ಎಡಕ್ಕಿತ್ತು! ಸ್ವಂತ ಮುಖ ನೋಡಿಕೊಳ್ಳಲೆಂದೇ ಇರುವ ಆ ಕ್ಯಾಮೆರಾ, ಕನ್ನಡಿಯ ಹಾಗೆ ಎಡಬಲಗಳನ್ನು ಅದಲುಬದಲು ಮಾಡಿತ್ತು. ಎಡಸುತ್ತು, ಮುಚ್ಚಳವಿಲ್ಲದ ಬಾಯಿ, ಎರಡು ಜೊತೆ ಕೊಂಬು, ಉದ್ದದ ಜೊತೆಯ ತುದಿಯಲ್ಲಿ ಕಣ್ಣು: ಇಷ್ಟನ್ನು ಕೇಳಿದ ಗೆಳೆಯ, ಇದು ನಮ್ಮ ಘಟ್ಟದ್ದೇ ಆದ ಅರಿಯೋಫ್ಯಾಂಟಾ ಕುಲದ್ದಿರಬಹುದೆಂದೂ, ಮರಿಯ ಬಾಯಂಚು ಇನ್ನೂ ಬಲಿಯದಿರುವುದರಿಂದ ಅದಕ್ಕಿಂತ ಹೆಚ್ಚು ಹೇಳಲಾಗದೆಂದೂ ತೀರ್ಪು ತಿದ್ದಿದ. ಅಪ್ಪ ಸ್ವಲ್ಪ ನಿರಾಸೆಯಿಂದಲೇ ಮರಿಗೆಯನ್ನು ಒಳಗಿಟ್ಟರು.

“ಇದು ಎಡಮುರಿ” ಎಂದು ನಾನು ಸಾರಿದೆ. ಆಯಿ ಅದನ್ನು ಶಂಖ ಹಿಡಿಯುವಂತೆ ತುದಿ ಕೆಳಗಾಗಿ ಹಿಡಿದು, “ಬಾಯಿ ಬಲಕ್ಕೇ ಇದ್ದಲಾ ತಮಾ, ಇದು ಬಲಮುರಿ” ಎಂದಳು. ಅವಳದ್ದೂ ಸುಳ್ಳಲ್ಲ, ದೇವರ ಪೀಠದ ಬಲಮುರಿ ಶಂಖವನ್ನು ಪ್ರಾಣಿಶಾಸ್ತ್ರದವರು ಎಡಸುತ್ತಿನದೆಂದೇ ಬರೆದುಕೊಳ್ಳುತ್ತಾರೆ.

ಮರುದಿನ ಅದನ್ನು ತೋಟದಲ್ಲಿ ಬಿಡುವಂತಿರಲಿಲ್ಲ, ಏಕೆಂದರೆ ಕೊಳೆರೋಗಕ್ಕೆಂದು ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತ ಬಸವನಹುಳುಗಳಿಗೆ ವಿಷ. ಬೆಟ್ಟಕ್ಕೇ ಹೋಗಿ, ಅದೇ ಮರದ ಬುಡದ ಒದ್ದೆ ದರಕಿನ ಮೇಲೆ ಡಬ್ಬಿಯನ್ನು ತೆರೆದೆ. ಒಳಗೆ ಆಯಿ ಏರಿಸಿದ್ದ ದಾಸವಾಳದ ಹೂವಿತ್ತು. ಹುಳು ಅದರಲ್ಲಿ ಒಂದೂವರೆ ಎಸಳನ್ನು ತಿಂದು ಮುಗಿಸಿತ್ತು.