ನೀರು ಪುಕ್ಕಟೆ, ಮಿಕ್ಕಿದ್ದಕ್ಕೆ ಯೂರೋ

ರೋಮ್‌ನಿಂದ ಬಂದು ಬಟ್ಟೆ ಒಗೆದಾಯಿತು, ಫೋಟೋಗಳನ್ನೆಲ್ಲ ಫ್ಯಾಮಿಲಿ ಗ್ರೂಪಿಗೆ ಸುರಿದಾಯಿತು, ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಆ ಊರಲ್ಲಿ ಬೀದಿ ಬೀದಿಯಲ್ಲೂ ಕುಡಿಯೋ ನೀರು ಪುಕ್ಕಟೆ. ಕುಡಿದ ನೀರು ಹೊರಗೆ ಹೋಗಬೇಕು ಅಂದರೆ ಪರ್ಸ್ ತೆಗೆಯಬೇಕು. ಒಂದು ಯೂರೋ, ಅಂದರೆ ಹೆಚ್ಚುಕಮ್ಮಿ ನೂರು ರೂಪಾಯಿ. ಇದ್ಯಾವ ನ್ಯಾಯ ಹೇಳಿ?

ನಮ್ಮನ್ನು ಕರೆದುಕೊಂಡು ಹೋಗಿದ್ದು ಟೈಬರ್ ನದಿಯ ಆಚೆ ದಡದ ತ್ರಾಸ್ತೆವೆರೆ ಅನ್ನೋ ಹಳೇ ಪೇಟೆಗೆ. ಗುಂಪು ಪ್ರವಾಸ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ನಸುಕಿಗೇ ಎಬ್ಬಿಸಿ, ಒಣ ಬ್ರೆಡ್ ತಿನ್ನಿಸಿ (ಚಟ್ನಿಪುಡಿ ನಮ್ಮದೇ), ಗೈಡ್ ಮಾತು ಕೇಳೋಕೆ ಕೊರಳಿಗೆ ಪುಟ್ಟ ರೇಡಿಯೋ ನೇತುಹಾಕಿ, ಕಿವಿಗೆ ಇಯರ್‌ಫೋನ್ ಸಿಗಿಸಿ, ಮಡಚಿದ ಕೊಡೆ ಎತ್ತಿ ಹಿಡಿದ ಗೈಡಮ್ಮನ ಹಿಂದೆ ಓಡಿಸುತ್ತಾರೆ. ಪೋಪ್ ನಾಲ್ಕನೇ ಸಿಕ್ಸ್‌ಟಸ್ 1470ರ ದಶಕದಲ್ಲಿ ಕಟ್ಟಿಸಿದ ಪೊಂತೆ ಸಿಸ್ತೊ ಸೇತುವೆ ಮೇಲೆ ಇನ್ನೊಂದು ಗುಂಪು ಎದುರಾಯಿತು ನೋಡಿ, ನನ್ನ ಕಿವಿಯೊಳಗೆ ಯಾರೋ ಜರ್ಮನ್‌ನಲ್ಲಿ ಪಾಠ ಶುರು ಮಾಡಿದರು. ಸೇತುವೆ ದಾಟೋವರೆಗೂ ತಲೆ ಅಲ್ಲಾಡಿಸಿದೆ. ಆಮೇಲೆ ಶುರುವಾಯಿತು ಬೀದಿಗೆ ಹಾಸಿದ ಸಾಂಪಿಯೆತ್ರಿನಿ ಕಲ್ಲುಗಳ ಕಾಟ. ಕಪ್ಪು ಜ್ವಾಲಾಮುಖಿ ಕಲ್ಲಿನ ಪುಟ್ಟ ಪುಟ್ಟ ತುಂಡುಗಳು, ನಡುವೆ ಸಂದು. ನೋಡೋಕೆ ಚೆಂದ, ಸರಿ. ಮಂಡಿಯನ್ನು ಕೇಳಿ, ಬೇರೆ ಕಥೆ ಹೇಳುತ್ತೆ.

ಇಷ್ಟನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ನಮ್ಮ ಗುಂಪಿನಲ್ಲೊಬ್ಬರು ಅಂಕಲ್ ಇದ್ದರಲ್ಲ! ರಿಟೈರ್ಡ್ ಇಂಜಿನಿಯರ್. ಸಾಲದ್ದಕ್ಕೆ ಬೆಂಗಳೂರಿನ ಟ್ಯಾಂಕರ್ ನೀರಿನ ಅಪಾರ್ಟ್‌ಮೆಂಟ್ ಒಂದರ ಸಂಘದ ಕಾರ್ಯದರ್ಶಿ. ಇವರ ಕಣ್ಣಿಗೆ ರೋಮ್‌ನ ನಸೋನೆ ಬೀಳಬಾರದಿತ್ತು. ನಸೋನೆ ಅಂದರೆ ಬೀದಿ ನಲ್ಲಿ. ಸೊಂಟದೆತ್ತರದ ಎರಕದ ಕಬ್ಬಿಣದ ಕಂಬ, ಅದಕ್ಕೊಂದು ಡೊಂಕು ಮೂತಿ. 1874ರಿಂದ ಇವೆ, ಊರಿಡೀ ಸುಮಾರು 2,500 ಇವೆ. ತಿರುಗಿಸೋ ಕೀಲಿ ಇಲ್ಲ, ನೀರು ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತೆ.

"ಅಯ್ಯೋ, ಯಾರೋ ನಲ್ಲಿ ಬಿಟ್ಟು ಹೋಗಿದ್ದಾರೆ!" ಅಂತ ಅಂಕಲ್ ಸಾಲು ಬಿಟ್ಟು ಓಡಿದರು. ಕಂಬದ ಹಿಂದೆ ತಡವಿದರು. ಕೆಳಗೆ ಬಗ್ಗಿದರು. ಕನ್ನಡಕ ಬದಲಾಯಿಸಿಕೊಂಡು ಮತ್ತೆ ಬಗ್ಗಿದರು. ನೀರು ಹರಿಯುತ್ತಿದ್ದರೆ ಪೈಪಿನಲ್ಲಿ ನಿಂತು ಕೆಡೋದಿಲ್ಲ, ಅದಕ್ಕೇ ಹೀಗೆ ಅಂತ ಗೈಡಮ್ಮ ಸಮಾಧಾನವಾಗಿ ವಿವರಿಸಿದಳು. "ಅದು ಸರಿ, ರಾತ್ರಿನಾದ್ರೂ ನಿಲ್ಲಿಸಬಹುದಲ್ವಾ?" ಅಂದರು ಅಂಕಲ್. ಮುಂದಿನ ನಸೋನೆಯಲ್ಲೂ ಅದೇ ತಪಾಸಣೆ. ಅದರ ಮುಂದಿನದ್ದರಲ್ಲೂ. ಸುಮ್ನೆ ಹರಿದು ಹೋಗುತ್ತಲ್ಲ ಅನ್ನೋ ಸಂಕಟಕ್ಕೆ ಪ್ರತಿ ಸಲ ಬಾಟಲಿ ತುಂಬಿಸುವುದು, ತುಂಬಿದ್ದು ಖಾಲಿಯಾಗಲಿ ಅಂತ ನಮಗೆಲ್ಲ ಕುಡಿಸುವುದು. "ಕುಡೀರಿ, ಕುಡೀರಿ, ಫ್ರೀ ಇದೆ." ಕೊನೆಗೆ ಒಂದು ಕಡೆ ಮೂತಿಯನ್ನೇ ಅಂಗೈಯಲ್ಲಿ ಗಟ್ಟಿಯಾಗಿ ಮುಚ್ಚಿ ನೋಡಿದರು. ಮೂತಿಯ ಮೇಲೊಂದು ಸಣ್ಣ ತೂತಿರುತ್ತೆ. ಕೆಳಗೆ ಮುಚ್ಚಿದರೆ ನೀರು ಮೇಲಕ್ಕೆ ಚಿಮ್ಮುತ್ತೆ, ಬಗ್ಗದೆ ಕುಡಿಯಲಿ ಅಂತ ಮಾಡಿದ ಉಪಾಯ. ಚಿಮ್ಮಿತು. ಗೈಡಮ್ಮನ ಮುಖಕ್ಕೆ, ರೇಡಿಯೋ ಮೈಕಿಗೆ, ನನ್ನ ಹೊಸ ಅಂಗಿಗೆ. ನಮ್ಮೆಲ್ಲರ ಕಿವಿಯಲ್ಲೂ ಒಮ್ಮೆಗೇ ಗುಳುಗುಳು.

ಬೈಯೋಣ ಅಂತಲೇ ಹತ್ತಿರ ಹೋದೆ. ಕೈ ಒರೆಸಿಕೊಳ್ಳುತ್ತಾ, "2024ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿತು ನೋಡಿ, ರಾತ್ರಿಯೆಲ್ಲ ಗೇಟಿನಲ್ಲಿ ಟ್ಯಾಂಕರ್ ಕಾಯ್ತಾ ಕೂತಿರ್ತಿದ್ದೆ. ಅಕ್ಕಪಕ್ಕದವರೆಲ್ಲ ನನಗೇ ಬೈಯ್ಯೋರು" ಅಂದರು. ನೀರಿನಿಂದ ಕಣ್ಣು ಕಿತ್ತಿರಲಿಲ್ಲ. ನಾನು ಸುಮ್ಮನೆ ಅಂಗಿ ಹಿಂಡಿಕೊಂಡೆ.

ಅಷ್ಟು ನೀರು ಕುಡಿದರೆ ಏನಾಗಬೇಕೋ ಅದು ಎಲ್ಲರಿಗೂ ಒಟ್ಟಿಗೇ ಆಯಿತು. ಗೈಡಮ್ಮ ಸಾಂತಾ ಮರಿಯಾ ಚರ್ಚಿನಲ್ಲಿ 12ನೇ ಶತಮಾನದ ಚಿನ್ನದ ಮೊಸಾಯಿಕ್ ತೋರಿಸುತ್ತಿದ್ದಾಳೆ, ನಾವು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದೇವೆ. ಕ್ರಿಸ್ತಪೂರ್ವ 38ರಲ್ಲಿ ಈ ಜಾಗದಲ್ಲಿ ನೆಲದಿಂದ ಎಣ್ಣೆ ಉಕ್ಕಿ ಹರಿಯಿತು ಅಂತ ಒಂದು ನಂಬಿಕೆಯಂತೆ. ಅಂಕಲ್ ಹೆಂಡತಿ ಆಂಟಿ ಹಲ್ಲು ಕಚ್ಚಿಕೊಂಡು, "ಹರಿಯೋ ವಿಷಯ ಬೇಡಮ್ಮ ಈಗ" ಅಂದರು. ಹಣ ಕೊಟ್ಟು ಹೋಗೋ ಶೌಚಾಲಯ ಹತ್ತಿರದಲ್ಲಿ ಒಂದೂ ಇರಲಿಲ್ಲ. ಗೈಡಮ್ಮ ಇನ್ನೊಂದು ಕಥೆ ತೆಗೆದಳು. ಮೊದಲನೇ ಶತಮಾನದಲ್ಲಿ ವೆಸ್ಪಾಸಿಯನ್ ಚಕ್ರವರ್ತಿ ಮೂತ್ರಕ್ಕೇ ತೆರಿಗೆ ಹಾಕಿದ್ದನಂತೆ. ಮಗ ಟೈಟಸ್ ಛೀ ಅಂದಾಗ ನಾಣ್ಯವನ್ನು ಅವನ ಮೂಗಿಗೆ ಹಿಡಿದು ವಾಸನೆ ಬರುತ್ತಾ ಅಂತ ಕೇಳಿದನಂತೆ. ಓಹೋ, ಹಾಗಾದರೆ ಇದು ಮನೆತನದ ಕಸುಬು!

ಉಳಿದಿದ್ದು ಕಾಫಿ ಬಾರ್. ಕಾಫಿ ಕೊಂಡರೆ ಶೌಚಾಲಯ ಬಳಸಲು ಬಿಡುತ್ತಾರೆ. ಕಾಫಿ ಕುಡಿದರೆ ಮತ್ತೆ ಶೌಚಾಲಯ ಬೇಕಾಗುತ್ತೆ. ಯೋಚನೆ ಮಾಡಿ, ಎಂಥ ವ್ಯಾಪಾರ! ಅದೂ ನಿಂತೇ ಕುಡಿಯಬೇಕು, ಕೂತರೆ ರೇಟು ಜಾಸ್ತಿ. ಲೋಟದಲ್ಲಿ ಇರೋದು ಎರಡು ಗುಟುಕು.

ಸಾಲಿನಲ್ಲಿ ಮೊದಲು ಒಳಗೆ ಹೋದವರು ಅಂಕಲ್. ಬರಲೇ ಇಲ್ಲ. ಬಾಗಿಲು ತಟ್ಟಿದೆವು, ಆಂಟಿ ಹೆಸರು ಹಿಡಿದೇ ಕೂಗಿದರು. ಕಡೆಗೂ ಬಂದರು, ಎರಡೂ ಕೈ ಮೊಣಕೈವರೆಗೆ ಸೋಪಿನ ನೊರೆ. "ನಲ್ಲಿ ಇದೆ, ತಿರುಗಿಸೋದು ಇಲ್ಲ, ಒತ್ತೋದೂ ಇಲ್ಲ, ನೀರೇ ಬರಲ್ಲ!" ಗೈಡಮ್ಮ ನಗು ತಡೆದುಕೊಂಡು ಒಳಗೆ ಹೋಗಿ ತೋರಿಸಿದಳು. ಬೇಸಿನ್ ಕೆಳಗೆ, ನೆಲದ ಹತ್ತಿರ ಒಂದು ಪೆಡಲ್. ಕಾಲಲ್ಲಿ ತುಳಿದರೆ ನೀರು, ಬಿಟ್ಟರೆ ಬಂದ್.

ಅಂಕಲ್ ನಾಲ್ಕಾರು ಸಲ ತುಳಿದು, ಬಿಟ್ಟು, ತುಳಿದು ನೋಡಿದರು. "ನೋಡಿ, ಬೀದಿಗೆ ಹಾಕಬೇಕಾದ್ದನ್ನು ತಂದು ಒಳಗೆ ಹಾಕಿದ್ದಾರೆ" ಅಂದರು. ಹೊರಗೆ ಸಾಲು ಹಾಗೇ ನಿಂತಿತ್ತು.