ಕಪ್ಪು ಕುಳಿ ‘ಕೂಗಿದ’ ಸುದ್ದಿ: ಒಂದು ಸ್ಪಷ್ಟನೆ

ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಆಡಿಯೋ ಓಡಾಡುತ್ತಿದೆ. ‘ಕುಬ್ಜ ಗೆಲಾಕ್ಸಿಯೊಂದರ ಕಪ್ಪು ಕುಳಿಯ ಕೂಗು ರೇಡಿಯೋ ಟೆಲಿಸ್ಕೋಪಿಗೆ ಕೇಳಿದೆ, ಅದು ಭೂಮಿ ಕಡೆಗೇ ಬರುತ್ತಿದೆ’ ಅಂತ. ಎರಡೂ ಸುಳ್ಳು. (ಕುಬ್ಜ ಗೆಲಾಕ್ಸಿ ಅಂದರೆ ಕಡಿಮೆ ನಕ್ಷತ್ರಗಳ ಪುಟ್ಟ ಗೆಲಾಕ್ಸಿ; ಕಪ್ಪು ಕುಳಿ ಅಂದರೆ ಬೆಳಕೂ ಹೊರಬರಲಾಗದಷ್ಟು ಸೆಳೆತ ಇರುವ ಜಾಗ.)

ರೇಡಿಯೋ ಅಲೆ ಶಬ್ದವಲ್ಲ, ಬೆಳಕಿನ ಜಾತಿಯದು. ಅದೂ ಕುಳಿಯ ಒಳಗಿಂದ ಬರುವುದಿಲ್ಲ. ಒಳಗೆ ಬೀಳಬೇಕಾದ ಅನಿಲದಲ್ಲಿ ಒಂದಷ್ಟು ಹೊರಗೆ ಚಿಮ್ಮುತ್ತದೆ. ಅದರ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಗಿರಗಿರ ಸುತ್ತುವಾಗ ಈ ಅಲೆ ಹುಟ್ಟುತ್ತದೆ.

ಇನ್ನು ‘ಬರುತ್ತಿದೆ’ ಅನ್ನೋದು. ಉದಾಹರಣೆಗೆ, ಇಂಥ ಕುಳಿ ಇರುವ ಹೆನೈಜ್ 2-10 ಎಂಬ ಕುಬ್ಜ ಗೆಲಾಕ್ಸಿ ಸುಮಾರು 3 ಕೋಟಿ ಜ್ಯೋತಿರ್ವರ್ಷ ದೂರ. ಸುಮ್ನೆ ಗಾಬರಿ ಬೇಡ.

ಇಂಥ ಕುಳಿಗಳ ಹುಡುಕಾಟ ಮಾತ್ರ ನಿಜ. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಖಗೋಳ ವಿಜ್ಞಾನಿ ಏಮಿ ರೈನ್ಸ್ ತಂಡ ಅಮೆರಿಕದ ವೆರಿ ಲಾರ್ಜ್ ಅರೇ ಎಂಬ ರೇಡಿಯೋ ಟೆಲಿಸ್ಕೋಪ್ ಮೂಲಕ 111 ಕುಬ್ಜ ಗೆಲಾಕ್ಸಿಗಳನ್ನು ನೋಡಿತು. 13ರಲ್ಲಿ ಕಪ್ಪು ಕುಳಿಯ ಲಕ್ಷಣ ಕಂಡಿತು. ಕೆಲವು ಕುಳಿಗಳು ಗೆಲಾಕ್ಸಿಯ ನಡುವೆ ಇರದೆ ಪಕ್ಕಕ್ಕೆ ಸರಿದಿದ್ದವು! ಸಿಡಿದ ನಕ್ಷತ್ರದ ಅವಶೇಷವೂ ರೇಡಿಯೋದಲ್ಲಿ ಹೊಳೆಯುತ್ತದೆ, ಹಾಗಾಗಿ ಅದನ್ನೂ ಕುಳಿಯನ್ನೂ ಬೇರ್ಪಡಿಸುವುದೇ ಜಾಸ್ತಿ ಕೆಲಸ. ಸಿಕ್ಕವು ಸರಾಸರಿ 4 ಲಕ್ಷ ಸೂರ್ಯರಷ್ಟು ತೂಕದವು. ಸುಮಾರು 100ರಿಂದ 1 ಲಕ್ಷ ಸೂರ್ಯರ ತೂಕದ ಮಧ್ಯಮ ಗಾತ್ರದವುಗಳಿಗೆ ಹುಡುಕಾಟ ಇನ್ನೂ ನಡೆದೇ ಇದೆ.